ಅಗ್ಗದ ರೇಟಿಗೆ ಆಸಿಡ್ ಆಯಿಲ್: ಬ್ರಾಯ್ಲರ್ ಫೀಡಿಗೆ ಹಾಕೋ ಮುಂಚೆ ಈ ಲೆಕ್ಕ ನೋಡಿ



ಸ್ವಂತ ದುಡ್ಡು ಹಾಕಿ ಬ್ರಾಯ್ಲರ್ ಸಾಕೋರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಒಂದು ಬ್ಯಾಚಿನ ಖರ್ಚಲ್ಲಿ ಮೂರರಲ್ಲಿ ಎರಡು ಪಾಲು ಫೀಡಿಗೇ ಹೋಗುತ್ತೆ. ಆ ಫೀಡಲ್ಲಿ ಕಮ್ಮಿ ತೂಕಕ್ಕೆ ಜಾಸ್ತಿ ದುಡ್ಡು ತಿನ್ನೋ ಸಾಮಾನು ಎಣ್ಣೆ. ಹಾಗಾಗಿ "ಫೀಡ್ ಎಣ್ಣೆ ಸಿಗುತ್ತೆ, ಅಡುಗೆ ಎಣ್ಣೆಗಿಂತ ಎಷ್ಟೋ ಅಗ್ಗ" ಅಂತ ಒಂದು ಮೆಸೇಜ್ ಬಂದ್ರೆ ಕೈ ತಾನಾಗೇ ಫೋನ್ ನಂಬರ್ ಮೇಲೆ ಹೋಗುತ್ತೆ.

ಆ ಡ್ರಮ್ಮಲ್ಲಿ ಇರೋದು ಹೆಚ್ಚಾಗಿ ಆಸಿಡ್ ಆಯಿಲ್. ಎಣ್ಣೆ ರಿಫೈನ್ ಮಾಡುವಾಗ ಹೊರಬೀಳೋ ಉಪ ಉತ್ಪನ್ನ. ಕೋಳಿ ಫೀಡಿಗೆ ಇದನ್ನ ಬಳಸೋದು ಹೊಸದೂ ಅಲ್ಲ, ತಪ್ಪೂ ಅಲ್ಲ. ದೊಡ್ಡ ಫೀಡ್ ಮಿಲ್ಲುಗಳು ಎಷ್ಟೋ ವರ್ಷದಿಂದ ಬಳಸ್ತಾ ಬಂದಿವೆ. ಆದ್ರೆ ಅವರ ಹತ್ರ ಲ್ಯಾಬ್ ಇದೆ, ನಮ್ಮ ಹತ್ರ ಮೂಗು ಮತ್ತು ನಂಬಿಕೆ ಮಾತ್ರ ಇದೆ. ಅದಕ್ಕೇ ಈ ವಾರ ಇದರ ಲೆಕ್ಕವನ್ನ ಪೂರ್ತಿ ಬಿಡಿಸಿ ಇಡ್ತೀನಿ.

ಮೊದಲೇ ಒಂದು ಮಾತು. ಕಂಪನಿ ಮರಿ, ಕಂಪನಿ ಫೀಡ್ ತಗೊಂಡು ಕಾಂಟ್ರಾಕ್ಟಿನಲ್ಲಿ ಸಾಕೋರಿಗೆ ಈ ಲೇಖನ ಅಲ್ಲ. ಅವರು ಕೊಟ್ಟ ಫೀಡಿಗೆ ಏನನ್ನೂ ಬೆರೆಸಬೇಡಿ. ಮೆಕ್ಕೆಜೋಳ, ಸೋಯಾ ಹಿಂಡಿ ತಂದು ತಾವೇ ಮ್ಯಾಶ್ ಮಾಡ್ಕೊಳ್ಳೋರಿಗೆ ಇದು.

ನನ್ನ ಬಗ್ಗೆ ಹೇಳೋದಾದ್ರೆ, ಓದಿದ್ದು ಅರಭಾವಿಯಲ್ಲಿ ತೋಟಗಾರಿಕೆ. ಈಗ ದಾವಣಗೆರೆ ಸೀಮೆಯಲ್ಲಿ ಸಾವಯವ ತರಕಾರಿ, ಬಾಳೆ. ಜೊತೆಗೆ 1,000 ಕೋಳಿಯ ಒಂದು ಶೆಡ್. ಕೋಳಿ ಇಟ್ಟಿದ್ದೇ ಗೊಬ್ಬರದ ಆಸೆಗೆ. ಫೀಡಿಗೆ ಹಾಕಿದ್ದು ಕೋಳಿ ಹೊಟ್ಟೆ ಸೇರುತ್ತೆ, ಉಳಿದಿದ್ದು ಲಿಟರ್ ಸೇರಿ ಮಣ್ಣಿಗೆ ಬರುತ್ತೆ. ಹಾಗಾಗಿ ಡ್ರಮ್ಮಲ್ಲಿ ಏನಿದೆ ಅನ್ನೋದು ನನಗೆ ಎರಡು ಸಲ ಮುಖ್ಯ.

ಎಣ್ಣೆ ಯಾಕೆ ಬೇಕು?

ಕೋಳಿಗೆ ಶಕ್ತಿ ಬರೋದು ಮುಖ್ಯವಾಗಿ ಮೆಕ್ಕೆಜೋಳದಿಂದ. ಒಂದು ಕೆಜಿ ಒಳ್ಳೆ ಜೋಳದಲ್ಲಿ ಕೋಳಿಗೆ ದಕ್ಕೋ ಶಕ್ತಿ ಸುಮಾರು 3,350 ಕಿಲೋ ಕ್ಯಾಲರಿ. ಸೋಯಾ ಹಿಂಡಿಯಲ್ಲಿ ಸುಮಾರು 2,350. ಒಳ್ಳೆ ಅಡುಗೆ ಎಣ್ಣೆಯಲ್ಲಿ ಸುಮಾರು 8,800. ಅಂದ್ರೆ ಒಂದು ಕೆಜಿ ಎಣ್ಣೆ ಹೆಚ್ಚುಕಮ್ಮಿ 2.6 ಕೆಜಿ ಜೋಳಕ್ಕೆ ಸಮ.

ಈಗ ಒಂದು ಲೆಕ್ಕ. ಕೊನೆ ಹಂತದ ಫಿನಿಶರ್ ಫೀಡಿಗೆ ಕೆಜಿಗೆ 3,100ರಿಂದ 3,200 ಕಿಲೋ ಕ್ಯಾಲರಿ ಬೇಕು. ಎಣ್ಣೆ ಹಾಕದೇ, 100 ಕೆಜಿ ಫೀಡಲ್ಲಿ 65 ಕೆಜಿ ಜೋಳ, 31.5 ಕೆಜಿ ಸೋಯಾ ಹಿಂಡಿ, ಉಳಿದದ್ದು ಖನಿಜ, ಉಪ್ಪು, ಪ್ರಿಮಿಕ್ಸ್ ಅಂತ ಇಟ್ಕೊಳ್ಳಿ. ಕೂಡಿಸಿದ್ರೆ ಸುಮಾರು 2,900ಕ್ಕೆ ನಿಲ್ಲುತ್ತೆ. ಜೋಳ ಜಾಸ್ತಿ ಮಾಡಿದ್ರೆ ಪ್ರೋಟೀನ್ ಬೀಳುತ್ತೆ. ಸೋಯಾ ಜಾಸ್ತಿ ಮಾಡಿದ್ರೆ ಶಕ್ತಿ ಬೀಳುತ್ತೆ. 4 ಕೆಜಿ ಜೋಳ ತೆಗೆದು ಆ ಜಾಗಕ್ಕೆ 4 ಕೆಜಿ ಎಣ್ಣೆ ಹಾಕಿದ್ರೆ 3,130ರ ಹತ್ತಿರ ಬರುತ್ತೆ. ಎಣ್ಣೆ ಹಾಕೋದು ಇದಕ್ಕೆ.

ಇಲ್ಲಿ ಒಂದು ಸೂಕ್ಷ್ಮ ಇದೆ ನೋಡ್ರಿ. ಲೆಕ್ಕಕ್ಕೆ ಅಂತ ಜೋಳ ಕೆಜಿಗೆ ₹24, ಒಳ್ಳೆ ಎಣ್ಣೆ ₹110, ಆಸಿಡ್ ಆಯಿಲ್ ₹75 ಅಂತ ಹಿಡಿಯೋಣ. ನಿಮ್ಮೂರಿನ ಇವತ್ತಿನ ರೇಟ್ ಹಾಕ್ಕೊಂಡು ನೀವೇ ಮತ್ತೊಮ್ಮೆ ಮಾಡಿ. 1,000 ಕಿಲೋ ಕ್ಯಾಲರಿಗೆ ಜೋಳದಲ್ಲಿ ₹7.16 ಬೀಳುತ್ತೆ, ಒಳ್ಳೆ ಎಣ್ಣೆಯಲ್ಲಿ ₹12.50. ಎಣ್ಣೆಯ ಶಕ್ತಿ ಜೋಳದ ಶಕ್ತಿಗಿಂತ ದುಬಾರಿನೇ. ಹಾಗಾಗಿ ಆಸಿಡ್ ಆಯಿಲನ್ನ ಜೋಳದ ಜೊತೆ ಹೋಲಿಸಬೇಡಿ, ಒಳ್ಳೆ ಎಣ್ಣೆ ಜೊತೆಗೇ ಹೋಲಿಸಿ. ಅದು ಆ ಎಣ್ಣೆಯ ಜಾಗಕ್ಕೇ ಬರೋದು.

ಆಸಿಡ್ ಆಯಿಲ್ ಹುಟ್ಟೋದು ಹೇಗೆ?

ನಮ್ಮ ಭದ್ರಾ, ತುಂಗಭದ್ರಾ ಅಚ್ಚುಕಟ್ಟಲ್ಲಿ ಭತ್ತ ಜಾಸ್ತಿ, ರೈಸ್ ಮಿಲ್ ಜಾಸ್ತಿ, ತೌಡೂ ಜಾಸ್ತಿ. ಅಕ್ಕಿ ಪಾಲಿಶ್ ಆದ ಕೂಡಲೇ ತೌಡಿನಲ್ಲಿರೋ ಲೈಪೇಸ್ ಅನ್ನೋ ಕಿಣ್ವ ಎಣ್ಣೆಯನ್ನ ಒಡೆಯೋಕೆ ಶುರು ಮಾಡುತ್ತೆ. ಎಣ್ಣೆ ಅಂದ್ರೆ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲ ಕಟ್ಟಿದ ಗಂಟು. ಗಂಟು ಬಿಚ್ಚಿದ್ರೆ ಕೊಬ್ಬಿನಾಮ್ಲ ಬಿಡಿಯಾಗುತ್ತೆ. ಲ್ಯಾಬ್ ರಿಪೋರ್ಟಲ್ಲಿ ಎಫ್‌ಎಫ್‌ಎ ಅಂತ ಬರೆಯೋದು ಈ ಬಿಡಿ ಕೊಬ್ಬಿನಾಮ್ಲಕ್ಕೆ. ತೌಡು ದಿನಗಟ್ಟಲೆ ಕೂತಷ್ಟೂ ಇದು ಏರುತ್ತೆ.

ಅಡುಗೆ ಎಣ್ಣೆಯಲ್ಲಿ ಇದು ಇರಬಾರದು. ಅದಕ್ಕೆ ರಿಫೈನರಿಯವರು ಎರಡು ದಾರಿ ಹಿಡೀತಾರೆ. ಒಂದು, ಕಾಸ್ಟಿಕ್ ಸೋಡಾ ಹಾಕಿ ಬಿಡಿ ಕೊಬ್ಬಿನಾಮ್ಲವನ್ನ ಸಾಬೂನು ಮಾಡಿ ಬೇರ್ಪಡಿಸೋದು. ಆ ಸಾಬೂನಿನ ಗಸಿಗೆ ಸೋಪ್ ಸ್ಟಾಕ್ ಅಂತಾರೆ. ಅದಕ್ಕೆ ಗಂಧಕಾಮ್ಲ ಹಾಕಿದ್ರೆ ಸಾಬೂನು ಒಡೆದು ಎಣ್ಣೆ ಮೇಲೆ ತೇಲುತ್ತೆ, ಆಮ್ಲದ ನೀರು ಕೆಳಗೆ ಉಳಿಯುತ್ತೆ. ಮೇಲೆ ತೇಲಿದ ಕಂದು ಎಣ್ಣೆಯೇ ಆಸಿಡ್ ಆಯಿಲ್. ಎರಡನೇ ದಾರಿ, ಹೆಚ್ಚು ಶಾಖ ಕೊಟ್ಟು ನಿರ್ವಾತದಲ್ಲಿ ಕೊಬ್ಬಿನಾಮ್ಲವನ್ನ ಆವಿ ಮಾಡಿ ಇಳಿಸೋದು. ಹಾಗೆ ಸಿಗೋದಕ್ಕೆ ಫ್ಯಾಟಿ ಆಸಿಡ್ ಡಿಸ್ಟಿಲೇಟ್ ಅಂತ ಹೆಸರು.

ಇನ್ನೊಂದು ಉಪ ಉತ್ಪನ್ನ ಗಮ್ಸ್, ಅಂದ್ರೆ ಲೆಸಿಥಿನ್. ಅಂಟಂಟಾಗಿರುತ್ತೆ. ಶಕ್ತಿ ಎಣ್ಣೆಗಿಂತ ಕಮ್ಮಿ, ಆದ್ರೆ ಎಣ್ಣೆ ನೀರು ಬೆರೆಯೋಕೆ ಸಹಾಯ ಮಾಡೋದ್ರಿಂದ ಕೊಬ್ಬು ಜೀರ್ಣ ಆಗೋಕೆ ಅನುಕೂಲ.

ಎಲ್ಲಾ ಡ್ರಮ್ ಒಂದೇ ಅಲ್ಲ

ಸೋಯಾ, ಸೂರ್ಯಕಾಂತಿ, ತೌಡೆಣ್ಣೆಯಿಂದ ಬಂದ ಆಸಿಡ್ ಆಯಿಲ್: ಕೋಳಿಗೆ ಆಗಿ ಬರುತ್ತೆ. ಇವುಗಳ ಕೊಬ್ಬಿನಾಮ್ಲ ಹೆಚ್ಚಾಗಿ ದ್ರವ ರೂಪದ್ದು, ಜೀರ್ಣ ಸುಲಭ. ತೌಡೆಣ್ಣೆಯದ್ದರಲ್ಲಿ ಮೇಣ ಮತ್ತು ಸಾಬೂನಾಗದ ಅಂಶ ಜಾಸ್ತಿ. ಅದು ತೂಕಕ್ಕೆ ಬರುತ್ತೆ, ಶಕ್ತಿ ಕೊಡಲ್ಲ.

ತಾಳೆ ಎಣ್ಣೆಯ ಡಿಸ್ಟಿಲೇಟ್: ಮಂಗಳೂರು ಬಂದರಿಗೆ ಕಚ್ಚಾ ತಾಳೆ ಎಣ್ಣೆ ಬರುತ್ತೆ, ಅಲ್ಲೇ ರಿಫೈನರಿಗಳಿವೆ. ಹಾಗಾಗಿ ಇದೂ ನಮ್ಮ ಕಡೆ ಸಿಗುತ್ತೆ. ಇದರಲ್ಲಿ ಬಹುಪಾಲು ಬಿಡಿ ಕೊಬ್ಬಿನಾಮ್ಲವೇ, ಅದರಲ್ಲೂ ಗಟ್ಟಿಯಾಗೋ ಪಾಮಿಟಿಕ್ ಆಮ್ಲ ಜಾಸ್ತಿ. ಚಳಿಗಾಲದಲ್ಲಿ ಡ್ರಮ್ಮಲ್ಲಿ ಡಾಲ್ಡಾದ ಥರ ಕೂತಿರುತ್ತೆ. ಕೋಳಿಗೆ ಜೀರ್ಣ ಕಷ್ಟ.

ಹತ್ತಿಬೀಜದ್ದು: ಬೇಡ. ಗಾಸಿಪಾಲ್ ಅನ್ನೋ ವಿಷದ ಅಂಶ ಸೋಪ್ ಸ್ಟಾಕಲ್ಲೇ ಸೇರಿಕೊಳ್ಳುತ್ತೆ.

ಹೊಂಗೆ, ಬೇವು, ಹಿಪ್ಪೆ, ಹರಳು: ಯಾವ ರೂಪದಲ್ಲೂ ಬೇಡ. ತಿನ್ನೋ ಎಣ್ಣೆಯ ಗಿರಣಿ ಮತ್ತು ತಿನ್ನದ ಎಣ್ಣೆಯ ಗಿರಣಿ ಎರಡರಿಂದಲೂ ಮಾಲು ಎತ್ತೋ ವ್ಯಾಪಾರಿ ಆದ್ರೆ, ಡ್ರಮ್ ಬದಲಾಗೋಕೆ ನಿಮಿಷ ಸಾಕು.

ಬ್ಲೀಚಿಂಗ್ ಮಣ್ಣು: ರಿಫೈನರಿಯಲ್ಲಿ ಬಣ್ಣ ತೆಗೆಯೋಕೆ ಬಳಸಿ ಬಿಸಾಡೋ ಮಣ್ಣಿನಲ್ಲಿ ಎಣ್ಣೆ ಉಳಿದಿರುತ್ತೆ. ಗುಡ್ಡೆ ಹಾಕಿದ್ರೆ ತಾನಾಗೇ ಕಾದು ಹೊತ್ತಿಕೊಳ್ಳಬಹುದು. ಶೆಡ್ ಹತ್ರ ತರಬೇಡಿ.

ಕರಿದ ಎಣ್ಣೆ: ದಾವಣಗೆರೆ ಅಂದ್ರೆ ಮಂಡಕ್ಕಿ ಮಿರ್ಚಿ. ದಿನಾ ಎಷ್ಟು ಬಾಣಲೆ ಎಣ್ಣೆ ಉಳಿಯುತ್ತೆ ಅಂತ ನಮಗೆ ಗೊತ್ತು. ಪದೇ ಪದೇ ಕಾದ ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್ ಅಂತ ಕೆಟ್ಟ ಅಂಶ ಏರುತ್ತೆ. ಅದು 25 ಪರ್ಸೆಂಟ್ ದಾಟಿದ ಎಣ್ಣೆಯಲ್ಲಿ ಕರಿಯಬಾರದು ಅನ್ನೋ ನಿಯಮವನ್ನ ಎಫ್‌ಎಸ್‌ಎಸ್‌ಎಐ 2018ರಲ್ಲಿ ಜಾರಿಗೆ ತಂತು. ಬಳಸಿದ ಎಣ್ಣೆಯನ್ನ ಬಯೋಡೀಸೆಲ್ಲಿಗೆ ಕಳಿಸೋ ಯೋಜನೆಯನ್ನೂ ಅದೇ ವರ್ಷ ಶುರು ಮಾಡ್ತು. ಜನ ತಿನ್ನಬಾರದು ಅಂತ ತೆಗೆದಿದ್ದು ಕೋಳಿ ದಾರಿ ಹಿಡಿದು ಮತ್ತೆ ಜನರ ತಟ್ಟೆಗೇ ಬರಬಾರದು ಅಲ್ವಾ?

ಮರಿ ಕೋಳಿಗೆ ಯಾಕೆ ಬೇಡ?

ಕೊಬ್ಬು ಕರುಳಲ್ಲಿ ಹೀರಿಕೊಳ್ಳಬೇಕಾದ್ರೆ ಪಿತ್ತರಸ ಬೇಕು. ಮರಿಗಳಲ್ಲಿ ಮೊದಲ ವಾರಗಳಲ್ಲಿ ಪಿತ್ತರಸವೂ ಕಮ್ಮಿ, ಕೊಬ್ಬು ಒಡೆಯೋ ಕಿಣ್ವವೂ ಕಮ್ಮಿ.

ಇನ್ನೊಂದು ಕಾರಣ ಇದೆ. ಒಳ್ಳೆ ಎಣ್ಣೆ ಕರುಳಲ್ಲಿ ಒಡೆದಾಗ ಎರಡು ಕೊಬ್ಬಿನಾಮ್ಲ ಬಿಡಿಯಾಗಿ, ಒಂದು ಗ್ಲಿಸರಾಲ್ ಜೊತೆಗೇ ಉಳಿಯುತ್ತೆ. ಆ ಜೋಡಿ ಪಿತ್ತರಸದ ಜೊತೆ ಸೇರಿ, ಉಳಿದ ಕೊಬ್ಬಿನಾಮ್ಲವನ್ನೂ ಕೈಹಿಡಿದು ಕರುಳಿನ ಗೋಡೆವರೆಗೆ ಕರ್ಕೊಂಡು ಹೋಗುತ್ತೆ. ಆಸಿಡ್ ಆಯಿಲಲ್ಲಿ ಬಹುಪಾಲು ಬಿಡಿ ಕೊಬ್ಬಿನಾಮ್ಲವೇ ಇರೋದ್ರಿಂದ ಕೈ ಹಿಡಿಯೋರು ಕಮ್ಮಿ. ಗಟ್ಟಿ ಕೊಬ್ಬಿನಾಮ್ಲ ಆಗಿದ್ರೆ ಫೀಡಲ್ಲಿರೋ ಕ್ಯಾಲ್ಸಿಯಂ ಜೊತೆ ಸೇರಿ ಕೋಳಿ ಹೊಟ್ಟೆಯಲ್ಲೇ ಸಾಬೂನಾಗುತ್ತೆ. ಶಕ್ತಿಯೂ ಹೋಯ್ತು, ಕ್ಯಾಲ್ಸಿಯಂ ಕೂಡ ಹಿಕ್ಕೆಯಲ್ಲಿ ಹೋಯ್ತು.

ಇಂಗ್ಲೆಂಡಿನ ನಾಟಿಂಗ್ಹ್ಯಾಮ್‌ನಲ್ಲಿ ವೈಸ್‌ಮನ್ ಮತ್ತು ಸಾಲ್ವಡಾರ್ ಅನ್ನೋ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಕೆಲಸ ಫೀಡ್ ಕ್ಷೇತ್ರದಲ್ಲಿ ಇವತ್ತಿಗೂ ಆಧಾರ. ಬಿಡಿ ಕೊಬ್ಬಿನಾಮ್ಲ ಹೆಚ್ಚಾದಷ್ಟೂ ಶಕ್ತಿ ಇಳಿಯುತ್ತೆ, ಈ ಇಳಿತ ಎಳೆ ಕೋಳಿಯಲ್ಲಿ ಜಾಸ್ತಿ, ತಾಳೆಯಲ್ಲಿ ಸೋಯಾಗಿಂತ ಜಾಸ್ತಿ ಅಂತ ಅವರು ತೋರಿಸಿದ್ರು.

ಇದರಿಂದ ನಮಗೆ ಎರಡು ನಿಯಮ ಸಿಗುತ್ತೆ. ಮೊದಲ ಮೂರು ವಾರ ಆಸಿಡ್ ಆಯಿಲ್ ಹಾಕಬೇಡಿ, ಒಳ್ಳೆ ಎಣ್ಣೆನೇ ಹಾಕಿ. ಫಿನಿಶರಲ್ಲಿ ಹಾಕಿದ್ರೂ ಅರ್ಧ ಒಳ್ಳೆ ಎಣ್ಣೆ, ಅರ್ಧ ಆಸಿಡ್ ಆಯಿಲ್.

ಈಗ ನಿಜವಾದ ಲೆಕ್ಕ

ಒಂದು ಒಳ್ಳೆ ಆಸಿಡ್ ಆಯಿಲ್ ತಗೊಳ್ಳಿ. ನೀರು 1, ಕಸ 1, ಸಾಬೂನಾಗದ ಅಂಶ 8 ಪರ್ಸೆಂಟ್. ಒಟ್ಟು 10 ಪರ್ಸೆಂಟಿಗೆ ಶಕ್ತಿ ಇಲ್ಲ. 8,800ರಲ್ಲಿ 10 ಪರ್ಸೆಂಟ್ ಕಳೆದ್ರೆ 7,920. ಬಿಡಿ ಕೊಬ್ಬಿನಾಮ್ಲದಿಂದ ಜೀರ್ಣ ಕಮ್ಮಿ ಆಗೋದಕ್ಕೆ ಇನ್ನೊಂದು 10 ಪರ್ಸೆಂಟ್ ಬಿಡೋಣ. ನಾನು ದುಂಡಗೆ 7,000 ಅಂತ ಹಿಡೀತೀನಿ.

₹75ಕ್ಕೆ 7,000 ಅಂದ್ರೆ 1,000 ಕಿಲೋ ಕ್ಯಾಲರಿಗೆ ₹10.70. ಒಳ್ಳೆ ಎಣ್ಣೆಯಲ್ಲಿ ₹12.50 ಇತ್ತು. ಉಳಿತಾಯ ಇದೆ.

ಈಗ ಕಳಪೆ ಡ್ರಮ್. ನೀರು 8, ಕಸ 4, ಸಾಬೂನಾಗದ ಅಂಶ 10. ಒಟ್ಟು 22 ಪರ್ಸೆಂಟ್ ಸೊನ್ನೆ. ಹಾಗೇ ಕಳೆದ್ರೆ 6,000ದ ಸಮೀಪಕ್ಕೆ ಬರುತ್ತೆ. ಅದೇ ₹75 ಕೊಟ್ರೆ 1,000 ಕಿಲೋ ಕ್ಯಾಲರಿಗೆ ₹12.50. ಒಳ್ಳೆ ಎಣ್ಣೆಯ ರೇಟೇ ಆಯ್ತು! ನೀರಿಗೂ ಕಸಕ್ಕೂ ದುಡ್ಡು ಕೊಟ್ಟಂಗಾಯ್ತು.

ಇದನ್ನ ಒಂದು ಸುಲಭ ಗೆರೆಯಾಗಿ ನೆನಪಿಟ್ಕೊಳ್ಳಿ. ಒಳ್ಳೆ ಆಸಿಡ್ ಆಯಿಲ್ ಕೂಡ ಒಳ್ಳೆ ಎಣ್ಣೆಯ ರೂಪಾಯಿಗೆ 80 ಪೈಸೆ ಬಾಳುತ್ತೆ, ಅಷ್ಟೇ. ಒಳ್ಳೆ ಎಣ್ಣೆ ₹110 ಇದ್ರೆ ₹88 ದಾಟಿದ ಆಸಿಡ್ ಆಯಿಲ್ ನಷ್ಟ. ಕೆಲಸ, ಅಪಾಯ ಎಲ್ಲ ಸೇರಿಸಿ ನಾನು 70 ಪೈಸೆಗಿಂತ ಮೇಲೆ ಹೋಗಲ್ಲ.

ಹೋಲಿಸುವಾಗ ಲೀಟರ್, ಕೆಜಿ ಬೆರೆಸಬೇಡಿ. ಒಂದು ಲೀಟರ್ ಎಣ್ಣೆ ತೂಗೋದು ಸುಮಾರು 910ರಿಂದ 920 ಗ್ರಾಂ. ಲೀಟರಿಗೆ ₹100 ಅಂದ್ರೆ ಕೆಜಿಗೆ ₹109.

1,000 ಕೋಳಿಗೆ ಉಳಿಯೋದು ಎಷ್ಟು?

ಇದನ್ನ ಯಾವ ವ್ಯಾಪಾರಿಯೂ ಹೇಳಲ್ಲ, ನಾವೇ ಮಾಡ್ಕೋಬೇಕು.

ಒಂದು ಕೋಳಿ ಫಿನಿಶರ್ ಹಂತದಲ್ಲಿ ಸುಮಾರು 2 ಕೆಜಿ ಫೀಡ್ ತಿನ್ನುತ್ತೆ ಅಂತಿಟ್ಕೊಳ್ಳಿ. 1,000 ಕೋಳಿಗೆ 2,000 ಕೆಜಿ. 4 ಪರ್ಸೆಂಟ್ ಎಣ್ಣೆ ಅಂದ್ರೆ 80 ಕೆಜಿ. ಅದರಲ್ಲಿ ಅರ್ಧ, 40 ಕೆಜಿ, ಬದಲಾಯಿಸ್ತೀವಿ. 40 ಕೆಜಿ ಒಳ್ಳೆ ಎಣ್ಣೆಗೆ ₹4,400. ಅಷ್ಟೇ ಶಕ್ತಿಗೆ ಆಸಿಡ್ ಆಯಿಲ್ 50 ಕೆಜಿ ಬೇಕು, ₹3,750. ಉಳಿತಾಯ ₹650. ಕೋಳಿಗೆ 65 ಪೈಸೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಎಣ್ಣೆ ಕೆಟ್ಟಿದ್ದು, ಎಫ್‌ಸಿಆರ್ ಬರೀ 0.05 ಏರಿತು ಅಂತಿಟ್ಕೊಳ್ಳಿ. 2 ಕೆಜಿ ಕೋಳಿಗೆ 100 ಗ್ರಾಂ ಫೀಡ್ ಜಾಸ್ತಿ. ಫೀಡ್ ಕೆಜಿಗೆ ₹38 ಆದ್ರೆ ಕೋಳಿಗೆ ₹3.80, ಸಾವಿರಕ್ಕೆ ₹3,800. ಉಳಿಸಿದ್ದರ ಹೆಚ್ಚುಕಮ್ಮಿ ಆರು ಪಟ್ಟು ಹೋಯ್ತು.

ಆಸಿಡ್ ಆಯಿಲಿನ ವಿಚಾರ ಪೂರ್ತಿ ಈ ಎರಡು ಅಂಕಿಯಲ್ಲಿದೆ. ಗೆದ್ರೆ 65 ಪೈಸೆ, ಸೋತ್ರೆ ₹3.80. ಗುಣಮಟ್ಟ ಖಾತ್ರಿ ಇದ್ದಾಗ ಮಾತ್ರ ಇದು ಲಾಭದ ಬಾಬ್ತು.

ಹಾಗಾದ್ರೆ ಯಾರಿಗೆ ಸರಿ? 500, 1,000 ಕೋಳಿ ಒಬ್ಬರೇ ಸಾಕೋರಿಗೆ ಒಳ್ಳೆ ಎಣ್ಣೆನೇ ನೆಮ್ಮದಿ. ಹತ್ತು ಜನ ಸೇರಿ ಅಥವಾ ಎಫ್‌ಪಿಒ ಮೂಲಕ 10,000 ಕೋಳಿ ಲೆಕ್ಕಕ್ಕೆ ಬಂದ್ರೆ ಬ್ಯಾಚಿಗೆ ₹6,500, ವರ್ಷಕ್ಕೆ ಆರು ಬ್ಯಾಚ್ ಆದ್ರೆ ₹39,000. ಆಗ ಒಂದೇ ಮಿಲ್ಲಿನಿಂದ ಒಟ್ಟಿಗೆ ಎತ್ತಬಹುದು, ಲ್ಯಾಬ್ ಖರ್ಚನ್ನ ಹಂಚ್ಕೋಬಹುದು. ನಾನು ತೌಡೆಣ್ಣೆಯ ಆಸಿಡ್ ಆಯಿಲ್ ಬಳಸೋದೂ ಹೀಗೆ ಗುಂಪಿನಲ್ಲೇ. ಮಿಲ್ಲಿಂದ ರಿಪೋರ್ಟ್ ಬರದ ತಿಂಗಳು ಒಳ್ಳೆ ಎಣ್ಣೆ ತರ್ತೀವಿ.

ಮನೆಯಲ್ಲೇ ಮಾಡೋ ನಾಲ್ಕು ಪರೀಕ್ಷೆ

1. ಬಿಸಿ ಪರೀಕ್ಷೆ. ಚಿಕ್ಕ ಸ್ಟೀಲ್ ಪಾತ್ರೆಯಲ್ಲಿ 100 ಗ್ರಾಂ ತೂಗಿ, ಸಣ್ಣ ಉರಿಯಲ್ಲಿ ಕಾಯಿಸಿ. ನೀರಿದ್ರೆ ಚಟಪಟ ಅನ್ನುತ್ತೆ, ಸಿಡಿಯುತ್ತೆ, ಮುಖ ದೂರ ಇಡಿ. ಸದ್ದು ನಿಂತ ಕೂಡಲೇ ಇಳಿಸಿ, ಆರಿದ ಮೇಲೆ ಮತ್ತೆ ತೂಗಿ. ಕಮ್ಮಿಯಾದ ಗ್ರಾಂ ಅಂದಾಜು ನೀರಿನ ಪರ್ಸೆಂಟ್. ಒಮ್ಮೆ ಇಬ್ಬರು ವ್ಯಾಪಾರಿಗಳ ಸ್ಯಾಂಪಲ್ ಒಟ್ಟಿಗೆ ಕಾಯಿಸಿದೆ. ಒಂದು ಸುಮ್ಮನಿತ್ತು. ಇನ್ನೊಂದು ಒಗ್ಗರಣೆಗೆ ಸಾಸಿವೆ ಹಾಕಿದಂಗೆ ಸಿಡೀತು. ಕಡಿಮೆ ರೇಟ್ ಹೇಳಿದ್ದು ಆ ಎರಡನೆಯವರೇ.

2. ಬಾಟಲಿ ಪರೀಕ್ಷೆ. ಪಾರದರ್ಶಕ ಬಾಟಲಿಯಲ್ಲಿ ತುಂಬಿ, ಬಿಸಿ ನೀರಲ್ಲಿ ಬಾಟಲಿ ಇಟ್ಟು ಕರಗಿಸಿ, ಒಂದು ದಿನ ಬೆಚ್ಚಗಿನ ಜಾಗದಲ್ಲಿಡಿ. ತಳದಲ್ಲಿ ನೀರು, ಗಸಿ ಎಷ್ಟು ಕೂತಿದೆ ಅಂತ ಸ್ಕೇಲ್ ಹಿಡಿದು ನೋಡಿ.

3. ಪಿಎಚ್ ಕಾಗದ. ಒಂದು ಪಾಲು ಎಣ್ಣೆಗೆ ಒಂದು ಪಾಲು ಬಿಸಿ ಡಿಸ್ಟಿಲ್ಡ್ ವಾಟರ್ ಹಾಕಿ ಚೆನ್ನಾಗಿ ಕುಲುಕಿ ಬಿಡಿ. ಕೆಳಗೆ ಇಳಿದ ನೀರಿಗೆ ಕಾಗದ ಅದ್ದಿ. ಪಿಎಚ್ 4ಕ್ಕಿಂತ ಕೆಳಗಿದ್ರೆ ಗಂಧಕಾಮ್ಲ ಸರಿಯಾಗಿ ತೊಳೆದಿಲ್ಲ ಅಂತ ಅರ್ಥ. ವಾಪಸ್ ಕಳಿಸಿ.

4. ಮೂಗು. ಆಸಿಡ್ ಆಯಿಲಿಗೆ ಒಂದು ಹುಳಿ ವಾಸನೆ ಇರುತ್ತೆ, ಅದು ಸಹಜ. ಹಳೇ ಪೇಂಟ್, ಸೀಮೆಎಣ್ಣೆ, ಗ್ರೀಸ್, ಔಷಧಿ ವಾಸನೆ ಬಂದ್ರೆ ಮಾತೇ ಬೇಡ.

ಇವು ಕೆಟ್ಟದ್ದನ್ನ ತಳ್ಳೋಕೆ ಸಾಕು, ಒಳ್ಳೆಯದು ಅಂತ ಖಾತ್ರಿ ಮಾಡೋಕೆ ಸಾಲದು. ಅದಕ್ಕೆ ಲ್ಯಾಬ್ ಬೇಕು. ಐದು ಅಂಕಿ ಕೇಳಿ: ತೇವಾಂಶ, ಕರಗದ ಕಸ, ಸಾಬೂನಾಗದ ಅಂಶ, ಎಫ್‌ಎಫ್‌ಎ, ಪೆರಾಕ್ಸೈಡ್ ವ್ಯಾಲ್ಯೂ. ಕೊನೆಯದು ಎಣ್ಣೆ ಕಮಟಾಗೋಕೆ ಶುರುವಾಗಿದೆಯಾ ಅಂತ ಹೇಳುತ್ತೆ, ಅದು 10ರ ಒಳಗಿರಲಿ. ಆದ್ರೆ ತುಂಬಾ ಹಳೇ ಎಣ್ಣೆಯಲ್ಲಿ ಈ ಅಂಕಿ ಏರಿ ಮತ್ತೆ ಇಳಿದಿರುತ್ತೆ. ಅದಕ್ಕೇ ಅಂಕಿ ಒಂದನ್ನೇ ನಂಬದೇ ವಾಸನೆಯನ್ನೂ ನೋಡಿ. ಪಶುವೈದ್ಯಕೀಯ ಕಾಲೇಜುಗಳ ಪಶು ಆಹಾರ ವಿಭಾಗ ಅಥವಾ ಎನ್‌ಎಬಿಎಲ್ ಮಾನ್ಯತೆ ಇರೋ ಖಾಸಗಿ ಲ್ಯಾಬಿಗೆ ಫೋನ್ ಮಾಡಿ, ಎಣ್ಣೆ ಸ್ಯಾಂಪಲ್ ತಗೋತಾರಾ, ಎಷ್ಟಾಗುತ್ತೆ ಅಂತ ಮೊದಲೇ ಕೇಳ್ಕೊಳ್ಳಿ.

ಡ್ರಮ್ಮಿನ ಹಳೇ ಕಥೆ ಮುಖ್ಯ

ಆಸಿಡ್ ಆಯಿಲ್ ಹೋಗೋದು ಫೀಡಿಗೆ ಮಾತ್ರ ಅಲ್ಲ, ಸಾಬೂನು ಕಾರ್ಖಾನೆಗೂ ಬಯೋಡೀಸೆಲ್ಲಿಗೂ ಹೋಗುತ್ತೆ. ಅಲ್ಲಿಗೆ ಹೋಗೋ ಮಾಲಿಗೆ ಶುದ್ಧತೆಯ ಚಿಂತೆ ಕಮ್ಮಿ. ಎರಡೂ ಒಂದೇ ಗೋಡೌನಲ್ಲಿ ಬೆರೆತ್ರೆ ಏನಾಗುತ್ತೆ ಅಂತ ಬೇರೆ ದೇಶಗಳು ಕಲಿತಿವೆ.

1957ರಲ್ಲಿ ಅಮೆರಿಕದಲ್ಲಿ ಫೀಡಿಗೆ ಹಾಕಿದ ಕೊಬ್ಬಿನಿಂದ ಲಕ್ಷಗಟ್ಟಲೆ ಕೋಳಿಗಳು ಹೊಟ್ಟೆಯಲ್ಲಿ ನೀರು ತುಂಬಿ ಸತ್ತವು. ಕಾರಣ ಡಯಾಕ್ಸಿನ್ ಗುಂಪಿನ ವಿಷ ಅಂತ ಆಮೇಲೆ ಗೊತ್ತಾಯ್ತು. 1999ರಲ್ಲಿ ಬೆಲ್ಜಿಯಂನಲ್ಲಿ ಫೀಡ್ ಕೊಬ್ಬಿಗೆ ಪಿಸಿಬಿ ಇರೋ ಟ್ರಾನ್ಸ್‌ಫಾರ್ಮರ್ ಎಣ್ಣೆ ಬೆರೆತು, ಕೋಳಿ ಮೊಟ್ಟೆ ಎಲ್ಲಾ ಅಂಗಡಿಯಿಂದ ವಾಪಸ್ ತೆಗೆಯಬೇಕಾಯ್ತು. ಜರ್ಮನಿಯಲ್ಲಿ ಕಾರ್ಖಾನೆ ಬಳಕೆಗೆ ಅಂತಿದ್ದ ಕೊಬ್ಬಿನಾಮ್ಲ ಫೀಡ್ ಕೊಬ್ಬಿಗೆ ಸೇರಿ, 2011ರ ಜನವರಿಯಲ್ಲಿ 4,700ಕ್ಕೂ ಹೆಚ್ಚು ಫಾರ್ಮ್‌ಗಳನ್ನ ತಾತ್ಕಾಲಿಕವಾಗಿ ಮುಚ್ಚಿಸಿದ್ರು. ರೈತರು ಏನೂ ತಪ್ಪು ಮಾಡಿರಲಿಲ್ಲ, ಬಂದ ಫೀಡ್ ಹಾಕಿದ್ರು ಅಷ್ಟೇ.

ನಮ್ಮ ಹಳ್ಳಿಗಳಲ್ಲಿ ಟಿಸಿ ಆಯಿಲ್ ತುಂಬಿದ್ದ ಡ್ರಮ್, ಕಳೆನಾಶಕದ ಕ್ಯಾನ್ ಕಣ್ಣಿಗೆ ಬೀಳೋದು ಸಾಮಾನ್ಯ. ಅಂಥ ಡ್ರಮ್ಮಿಗೆ ಎಣ್ಣೆ ತುಂಬಿಸಬೇಡಿ, ತುಂಬಿ ಬಂದ್ರೆ ಇಳಿಸ್ಕೋಬೇಡಿ. ಬಿಲ್ಲಿನ ಮೇಲೆ ಯಾವ ಬೆಳೆಯ ಎಣ್ಣೆ, ಯಾವ ಮಿಲ್ಲು, ಯಾವ ದಿನಾಂಕ, ಫೀಡ್ ಬಳಕೆಗೆ ಅಂತ ಬರೆಸಿಕೊಳ್ಳಿ. ಪ್ರತಿ ಲೋಡಿನಿಂದ ಒಂದು ಬಾಟಲಿ ಸ್ಯಾಂಪಲ್ ತೆಗೆದು ದಿನಾಂಕ ಬರೆದು, ಕೋಳಿ ಮಾರಿ ಒಂದೆರಡು ತಿಂಗಳವರೆಗೂ ಇಟ್ಕೊಳ್ಳಿ. ನಾಳೆ ಪ್ರಶ್ನೆ ಬಂದ್ರೆ ಅದೇ ನಿಮ್ಮ ಸಾಕ್ಷಿ.

ಬೆರೆಸೋದು ಹೇಗೆ?

100 ಕೆಜಿ ಫಿನಿಶರಿಗೆ 2 ಕೆಜಿ ಒಳ್ಳೆ ಎಣ್ಣೆ, 2.5 ಕೆಜಿ ಆಸಿಡ್ ಆಯಿಲ್. ಜೋಳ 60.5 ಕೆಜಿ, ಸೋಯಾ 31.5 ಕೆಜಿಗೆ ಲೆಕ್ಕ ಹಾಕಿದ್ರೆ ಸುಮಾರು 3,120 ಕಿಲೋ ಕ್ಯಾಲರಿ. ಇದು ಎಣ್ಣೆಯ ಲೆಕ್ಕ ತೋರಿಸೋಕೆ ಕೊಟ್ಟಿದ್ದು. ಅಮೈನೋ ಆಮ್ಲ, ಖನಿಜ, ಪ್ರಿಮಿಕ್ಸ್ ಪ್ರಮಾಣವನ್ನ ನಿಮ್ಮ ಪಶುವೈದ್ಯರ ಜೊತೆ ಕೂತು ಕೂಡಿಸ್ಕೊಳ್ಳಿ. ಮ್ಯಾಶಿಗೆ ಇದಕ್ಕಿಂತ ಜಾಸ್ತಿ ಎಣ್ಣೆ ಹಾಕಿದ್ರೆ ಉಂಡೆ ಕಟ್ಟುತ್ತೆ, ಫೀಡರಿನಿಂದ ಇಳಿಯಲ್ಲ.

ಎಣ್ಣೆಯನ್ನ ನೇರ ಉರಿ ಮೇಲಿಡಬೇಡಿ. ಬಿಸಿ ನೀರಿನ ಟಬ್ಬಲ್ಲಿ ಕ್ಯಾನ್ ಇಟ್ಟು 45ರಿಂದ 50 ಡಿಗ್ರಿಗೆ ತಂದ್ರೆ ಸಾಕು. ಎರಡೂ ಎಣ್ಣೆ ಕಲೆಸಿ ಬಟ್ಟೆಯಲ್ಲಿ ಸೋಸಿ. ಒಣ ಸಾಮಾನೆಲ್ಲ ಮಿಕ್ಸರಲ್ಲಿ ಚೆನ್ನಾಗಿ ಬೆರೆತ ಮೇಲೆ ಕೊನೆಗೆ ಸಣ್ಣ ಧಾರೆಯಲ್ಲಿ ಬಿಡಿ.

ಕಮಟಾದ ಕೊಬ್ಬು ಫೀಡಲ್ಲಿರೋ ಎ, ಇ ವಿಟಮಿನ್‌ಗಳನ್ನ ಹಾಳು ಮಾಡುತ್ತೆ. ಹಾಗಾಗಿ ಫೀಡ್‌ಗೆ ಅಂತ ಸಿಗೋ ಆಂಟಿ ಆಕ್ಸಿಡೆಂಟನ್ನ ಪ್ಯಾಕೆಟ್ ಮೇಲಿನ ಪ್ರಮಾಣದಲ್ಲಿ ಹಾಕಿ. ಒಂದು ವಾರಕ್ಕೆ ಆಗೋಷ್ಟೇ ಮ್ಯಾಶ್ ಮಾಡಿ. ಎಣ್ಣೆ ಡ್ರಮ್ ಸ್ಟೀಲ್ ಅಥವಾ ಪ್ಲಾಸ್ಟಿಕ್ ಇರಲಿ, ಮುಚ್ಚಳ ಬಿಗಿಯಾಗಿರಲಿ, ನೆರಳಲ್ಲಿರಲಿ. ತಾಮ್ರ, ಹಿತ್ತಾಳೆ ಪಾತ್ರೆ, ನಲ್ಲಿ ಬೇಡ. ಅವು ಕಮಟಾಗೋದನ್ನ ಜೋರು ಮಾಡುತ್ತವೆ.

ಮೊದಲ ಸಲ ಪೂರ್ತಿ ಶೆಡ್ಡಿಗೆ ಹಾಕಬೇಡಿ. ಶೆಡ್ ಮಧ್ಯ ಜಾಲರಿ ಕಟ್ಟಿ, ಎರಡು ಕಡೆ 100 ಕೋಳಿ ಬಿಟ್ಟು, ಒಂದು ಕಡೆ ಹಳೇ ಫೀಡ್, ಇನ್ನೊಂದು ಕಡೆ ಹೊಸದು. ತಿಂದದ್ದನ್ನೂ ತೂಕವನ್ನೂ ವಾರಕ್ಕೊಮ್ಮೆ ಬರೆದಿಡಿ.

ಲಿಟರ್ ಸುಳ್ಳು ಹೇಳಲ್ಲ

ದಿನಾ ಬೆಳಿಗ್ಗೆ ಒಂದು ಹಿಡಿ ಲಿಟರ್ ಕೈಗೆ ತಗೊಂಡು ಹಿಂಡಿ ಬಿಡಿ. ಭತ್ತದ ಹೊಟ್ಟು ಉದುರಿದ್ರೆ ಸರಿ. ಜಿಡ್ಡು ಜಿಡ್ಡಾಗಿ ಮುದ್ದೆ ಕಟ್ಟಿದ್ರೆ ಕೊಬ್ಬು ಜೀರ್ಣ ಆಗದೇ ಹೊರಗೆ ಬರ್ತಿದೆ ಅಂತ ಅನುಮಾನ ಪಡಿ. ಹಿಂದೆನೇ ಅಮೋನಿಯಾ ವಾಸನೆ, ಕಾಲಿನ ಗಂಟಲ್ಲಿ ಕಪ್ಪು ಗಾಯ ಬರುತ್ತೆ. ಆಗ ಆಸಿಡ್ ಆಯಿಲ್ ನಿಲ್ಲಿಸಿ, ಡಾಕ್ಟರಿಗೂ ತೋರಿಸಿ. ಜಿಡ್ಡಿನ ಲಿಟರ್ ಕಾಂಪೋಸ್ಟಿಗೂ ಒಳ್ಳೇದಲ್ಲ, ಗಾಳಿ ಆಡದೇ ನಾರುತ್ತೆ.

ಸಾವಯವ ಮಾಡೋ ಗೆಳೆಯರಿಗೆ ಒಂದು ಮಾತು. ದ್ರಾವಕದಿಂದ ತೆಗೆದ ಹಿಂಡಿ, ರಾಸಾಯನಿಕ ಹಾಕಿ ಬೇರ್ಪಡಿಸಿದ ಎಣ್ಣೆ ತಿಂದ ಕೋಳಿಯನ್ನ ಸಾವಯವ ಅಂತ ಮಾರೋ ಹಾಗಿಲ್ಲ. ನಾನೂ ಹಾಗೆ ಮಾರಲ್ಲ. ಸರ್ಟಿಫಿಕೇಟ್ ಇರೋ ಹೊಲಕ್ಕೆ ಇಂಥ ಲಿಟರ್ ಹಾಕೋ ಮುಂಚೆ ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನ ಕೇಳಿ, ಒಪ್ಪಿಗೆಯನ್ನ ಬರಹದಲ್ಲಿ ತಗೊಳ್ಳಿ.

ಫೋನಲ್ಲಿ ಸೇವ್ ಮಾಡ್ಕೊಳ್ಳಿ

* ಮೊದಲ 3 ವಾರ ಆಸಿಡ್ ಆಯಿಲ್ ಇಲ್ಲ. ಆಮೇಲೂ ಅರ್ಧಕ್ಕರ್ಧ ಒಳ್ಳೆ ಎಣ್ಣೆ.
* ಒಳ್ಳೆ ಎಣ್ಣೆ ರೇಟಿನ 80 ಪರ್ಸೆಂಟ್ ದಾಟಿದ್ರೆ ನಷ್ಟ. 70ರ ಒಳಗಿದ್ರೆ ಮಾತ್ರ ಮಾತಾಡಿ.
* ಕೆಜಿಗೆ ಕೆಜಿ ಹೋಲಿಸಿ, ಲೀಟರಿಗಲ್ಲ.
* ಬಿಸಿ, ಬಾಟಲಿ, ಪಿಎಚ್, ಮೂಗು: ನಾಲ್ಕರಲ್ಲಿ ಒಂದು ಫೇಲಾದ್ರೂ ವಾಪಸ್.
* ಹತ್ತಿಬೀಜ, ಹೊಂಗೆ, ಬೇವು, ಹಿಪ್ಪೆ, ಹರಳು, ಕರಿದ ಎಣ್ಣೆ ಬೇಡವೇ ಬೇಡ.
* ಲ್ಯಾಬ್ ರಿಪೋರ್ಟ್ ಇಲ್ಲದ ಮಾಲಿಗೆ 65 ಪೈಸೆ ಆಸೆಗೆ ₹3.80 ಪಣ ಇಡಬೇಡಿ.